ಮಾತಿಲ್ಲದ ವೈಲ್ಡ್

ಆಸ್ಕರ್ ವೈಲ್ಡನ ನಾಟಕದಿಂದ ಮಾತನ್ನು ತೆಗೆದುಬಿಟ್ಟರೆ ಉಳಿಯುವುದೇನು? ಸಿಪ್ಪೆ ಎಂದೇ ನಾನು ಬಹುಕಾಲ ನಂಬಿದ್ದೆ. ‘ಲೇಡಿ ವಿಂಡರ್‌ಮಿಯರ್ಸ್ ಫ್ಯಾನ್’ 1892ರ ಫೆಬ್ರವರಿಯಲ್ಲಿ ಲಂಡನ್ನಿನ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಮೊದಲು ಪ್ರದರ್ಶಿತವಾಯಿತು. ಎಳೆಮಗುವನ್ನು ಬಿಟ್ಟು ಪರಪುರುಷನೊಡನೆ ಹೊರಟುಹೋದ ತಾಯಿ, ವರ್ಷಗಳ ಮೇಲೆ ಬೇರೆ ಹೆಸರಿನಲ್ಲಿ ಮರಳಿ ಬಂದು ಅಳಿಯನಿಂದ ಹಣ ಕೀಳುತ್ತಾಳೆ. ಗಂಡನನ್ನು ಶಂಕಿಸಿದ ಮಗಳು ತಾನೂ ಮನೆ ಬಿಡುತ್ತಾಳೆ. ಕಥೆ ಸವಕಲು, ಅದನ್ನು ಬದುಕಿಸಿದ್ದು ವೈಲ್ಡನ ಚಾಟೂಕ್ತಿಗಳು.

1925ರಲ್ಲಿ ವಾರ್ನರ್ ಬ್ರದರ್ಸ್ ಸಂಸ್ಥೆಗಾಗಿ ಇದನ್ನು ಮೂಕಚಿತ್ರವಾಗಿಸಿದ ಅರ್ನ್ಸ್ಟ್ ಲೂಬಿಚ್, ನಡುನಡುವೆ ಬರುವ ಬರಹದ ಪಟ್ಟಿಗಳಲ್ಲಿ ಆ ಚಾಟೂಕ್ತಿಗಳನ್ನು ಬಳಸಲೇ ಇಲ್ಲ. ಎಂಥ ಉದ್ಧಟತನ! ನಾಟಕ ಓದಿಕೊಂಡು ಚಿತ್ರ ನೋಡಲು ಕುಳಿತ ನನಗೆ ಮೊದಲು ಸಿಟ್ಟೇ ಬಂತು. ಅದು ಇಳಿದದ್ದು ಕುದುರೆ ಪಂದ್ಯದ ದೃಶ್ಯದಲ್ಲಿ.

ನಾಟಕದಲ್ಲಿ ಈ ದೃಶ್ಯವಿಲ್ಲ. ಅಲ್ಲಿ ಎಲ್ಲವೂ ನಾಲ್ಕು ಗೋಡೆಗಳ ನಡುವೆ. ಇಲ್ಲಿ ಪಂದ್ಯ ನೋಡಲು ಬಂದವರ ದುರ್ಬೀನುಗಳೆಲ್ಲ ಕುದುರೆಗಳನ್ನು ಬಿಟ್ಟು ಮಿಸೆಸ್ ಅರ್ಲಿನ್ ಕಡೆಗೆ ತಿರುಗುತ್ತವೆ. ಅವಳ ತಲೆಯಲ್ಲಿ ನರೆಗೂದಲು ಕಂಡದ್ದು ಕುಲೀನ ಮುದುಕಿಯೊಬ್ಬಳಿಗೆ ಪಂದ್ಯ ಗೆದ್ದಷ್ಟು ಸಂತೋಷ. ಆಮೇಲೆ ಲಾರ್ಡ್ ಅಗಸ್ಟಸ್ ಅವಳ ಹಿಂದೆ ಹೆಜ್ಜೆ ಹಾಕುತ್ತಾನೆ. ಅವನು ಸಮೀಪಿಸಿದಂತೆ ಹಿಂದಿನಿಂದ ಕತ್ತಲೆ ಸರಿದುಬಂದು ಪರದೆಯೇ ಕಿರಿದಾಗುತ್ತದೆ. ವೈಲ್ಡ್ ಒಂದು ವಾಕ್ಯದಲ್ಲಿ ಮಾಡುತ್ತಿದ್ದ ಕುಚೋದ್ಯ ಇದೇ ಅಲ್ಲವೆ?

ಉದ್ಯಾನದ ದೃಶ್ಯವೂ ಅಷ್ಟೇ ಜಾಣತನದ್ದು. ಗಿಡಬೇಲಿಯ ಮರೆಯಲ್ಲಿ ಆಕೆಯ ಕೈ ಹಿಡಿದವನ ಮುಖ ಮಗಳಿಗೆ ಕಾಣದು; ತನ್ನ ಗಂಡನೇ ಎಂದು ತಿಳಿಯುತ್ತಾಳೆ. ಅವನು ಅಗಸ್ಟಸ್ ಎಂಬುದು ನಮಗೆ ಮಾತ್ರ ಗೊತ್ತು. ತಾಯಿಯ ಗುಟ್ಟನ್ನು ವೈಲ್ಡ್ ಮೊದಲ ಪ್ರದರ್ಶನದಲ್ಲಿ ಕೊನೆಯ ಅಂಕದವರೆಗೆ ಬಚ್ಚಿಟ್ಟಿದ್ದ, ಬಳಿಕ ತಿದ್ದಿದ. ಲೂಬಿಚ್ ಅದನ್ನು ಆರಂಭದಲ್ಲೇ ಬಿಟ್ಟುಕೊಡುತ್ತಾನೆ. ಹೀಗಾಗಿ ಮಗಳು ಆಕೆಯನ್ನು ತಿರಸ್ಕಾರದಿಂದ ನೋಡಿದಾಗಲೆಲ್ಲ ಪೆಟ್ಟು ಬೀಳುವುದು ನಮಗೆ. ಐರೀನ್ ರಿಚ್ ಆ ಪೆಟ್ಟನ್ನು ಕಣ್ಣಿನ ಅಂಚಿನಲ್ಲಷ್ಟೇ ತೋರಿಸುತ್ತಾಳೆ. (ಗಂಡನ ಪಾತ್ರದ ಬರ್ಟ್ ಲೈಟೆಲ್ ಬಗ್ಗೆ ಹೆಚ್ಚು ಹೇಳುವುದು ಬೇಡ, ಮರದ ಬಾಗಿಲುಗಳು ಅವನಿಗಿಂತ ಚೆನ್ನಾಗಿ ಅಭಿನಯಿಸಿವೆ.)

ಆದರೂ ಒಂದು ನಷ್ಟವಾಗಿದೆ. ಡಾರ್ಲಿಂಗ್ಟನ್ನನ ಮನೆಯಲ್ಲಿ ಮಗಳ ಬೀಸಣಿಗೆ ಸಿಕ್ಕಿಬಿದ್ದಾಗ ತಾಯಿ ತಾನೇ ಮುಂದೆ ಬಂದು ಅಪವಾದ ಹೊರುತ್ತಾಳೆ. ಮರುದಿನ, ಪಶ್ಚಾತ್ತಾಪಪಟ್ಟು ಮಠ ಸೇರುವವಳು ತಾನಲ್ಲವೆಂದು ವೈಲ್ಡನ ನಾಯಕಿ ಅಳಿಯನಿಗೆ ಎದೆಯೆತ್ತಿ ಹೇಳುತ್ತಾಳೆ. ತ್ಯಾಗ ಮಾಡಿಯೂ ಸಾಧ್ವಿಯಾಗಲೊಲ್ಲದ ಆ ಹೆಣ್ಣಿನ ಬಿಗುಮಾನಕ್ಕೆ ಮಾತೇ ಬೇಕು. ಮುಖ ಎಷ್ಟು ನಿಪುಣವಾದರೂ ಅಲ್ಲಿ ಸೋಲುತ್ತದೆ. ಚಿತ್ರದ ತಾಯಿ ಸ್ವಲ್ಪ ಮೆತ್ತಗಾಗಿದ್ದಾಳೆ ಎಂದೇ ನನ್ನ ಮತ.

ಕಡೆಯ ದೃಶ್ಯದಲ್ಲಿ ಮಾತ್ರ ಹಳೆಯ ಕಸುವು ಮರಳುತ್ತದೆ. ಹಿಂದಿನ ರಾತ್ರಿಯ ಹಗರಣಕ್ಕಾಗಿ ಮುನಿಸಿಕೊಂಡು ನಿಂತ ಅಗಸ್ಟಸ್‌ನಿಗೆ, ತಪ್ಪೆಲ್ಲ ಅವನದೇ ಎಂಬಂತೆ ಗದರಿಸಿ, ಆಕೆ ಕಾರು ಹತ್ತುತ್ತಾಳೆ. ಒಂದು ಕ್ಷಣ ತಬ್ಬಿಬ್ಬಾಗಿ ನಿಂತವನು ಅವಳ ಹಿಂದೆಯೇ ಒಳಗೆ ನುಗ್ಗುತ್ತಾನೆ.