ಸಹಾಯಕ್ಕೆ ಬರಬೇಡಿ ಅಂದ ಪಾದ್ರಿ

ಆಫೀಸಲ್ಲಿ ಯಾರಾದ್ರೂ ಬಡದೇಶದ ಹಳ್ಳಿಗೆ ವಾಲಂಟಿಯರಿಂಗ್ ಅಂತ ಹೊರಟರೆ ನಾನು ಇವಾನ್ ಇಲಿಚ್ ಭಾಷಣ ಫಾರ್ವರ್ಡ್ ಮಾಡ್ತೀನಿ: 'ಟು ಹೆಲ್ ವಿತ್ ಗುಡ್ ಇಂಟೆನ್ಷನ್ಸ್', 1968. ಮೆಕ್ಸಿಕೋದಲ್ಲಿ ನೆಲೆಸಿದ್ದ ಈ ಪಾದ್ರಿ, ಅಲ್ಲಿನ ಹಳ್ಳಿಗಳ ಸೇವೆಗೆ ಹೊರಟಿದ್ದ ಅಮೆರಿಕದ ಹುಡುಗರ ಎದುರೇ ನಿಂತು ಬೈದದ್ದು. ಪ್ರವಾಸಿಗಳಾಗಿ ಬಂದರೆ ಸಂತೋಷ, ಉದ್ಧಾರಕರಾಗಿ ಮಾತ್ರ ಬೇಡ ಅನ್ನೋದು ತಿರುಳು. ಭಾಷೆ ಬಾರದವನಿಗೆ ಊರಿನವರು ತನ್ನ ಬಗ್ಗೆ ಏನಂದುಕೊಂಡಿದ್ದಾರೆ ಅಂತಲೂ ತಿಳಿಯೋದಿಲ್ಲ. ಹಳ್ಳಿಯಲ್ಲಿ ಬೆಳೆದ ನನಗೆ ಇದು ಥಟ್ಟನೆ ಹಿಡಿಸಿತು. ನಾವು ಬಂದವರಿಗೆ ಮಜ್ಜಿಗೆ ಕೊಡ್ತೀವಿ, 'ನಿಮ್ಮಿಂದ ಉಪಯೋಗ ಇಲ್ಲ ಸ್ವಾಮಿ' ಅನ್ನಲ್ಲ.

ಆದರೆ ಇಲಿಚ್ ಅಹಂಕಾರವನ್ನು ಕಂಡಷ್ಟು ಚೆನ್ನಾಗಿ ವ್ಯಾಪಾರವನ್ನು ಕಾಣಲಿಲ್ಲ. ಈಗ ಪ್ರವಾಸಿ, ಸೇವಕ ಇಬ್ಬರೂ ಒಂದೇ ಪ್ಯಾಕೇಜು. ಕಾಂಬೋಡಿಯಾದಲ್ಲಿ ಬೆಳಿಗ್ಗೆ ಅಂಗ್ಕೋರ್ ವಾಟ್, ಮಧ್ಯಾಹ್ನ ಅನಾಥಾಲಯದಲ್ಲಿ ಇಂಗ್ಲಿಷ್ ಪಾಠ. ಅಂಥ ಕಡೆ ಇರುವ ಬಹುಪಾಲು ಮಕ್ಕಳಿಗೆ ಅಪ್ಪನೋ ಅಮ್ಮನೋ ಬದುಕಿದ್ದಾರೆ. ಓದಿಸ್ತೀವಿ ಅಂತ ಹಳ್ಳಿಯ ಮನೆಗಳಿಂದ ಕರೆತಂದದ್ದು. ಮಕ್ಕಳಿದ್ದರೆ ತಾನೇ ಡಾಲರ್ ಬರೋದು! 2018ರಲ್ಲಿ ಆಸ್ಟ್ರೇಲಿಯಾ ಸರ್ಕಾರವೇ ತನ್ನ ಜನಕ್ಕೆ ಅನಾಥಾಲಯದ ಇಂಥ ಅಲ್ಪಾವಧಿ ಸೇವೆ ಬೇಡ ಅಂತ ಪ್ರಚಾರ ಶುರು ಮಾಡಿತು.

ಚಿಕ್ಕ ಭಾಷಣ. ವೀಸಾ ಫಾರ್ಮ್ ತುಂಬೋದಕ್ಕಿಂತ ಬೇಗ ಓದಿ ಮುಗಿಸಬಹುದು.