ಅದುಮಿಟ್ಟ ಭಾವದ ನಟ

‘ಸ್ಟಾರ್ ಟ್ರೆಕ್’ ಧಾರಾವಾಹಿಯ ಮೊದಲ ವರ್ಷದ ಕಂತೊಂದರ ಹೆಸರು ‘ದ ನೇಕೆಡ್ ಟೈಮ್’. 1966ರ ಸೆಪ್ಟೆಂಬರ್ 29ರಂದು ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಅದು ಪ್ರಸಾರವಾಯಿತು. ಅಂತರಿಕ್ಷ ನೌಕೆಯಲ್ಲಿ ಒಂದು ಸೋಂಕು ಹಬ್ಬುತ್ತದೆ. ತಗುಲಿದವರ ಮನಸ್ಸಿನ ಕಡಿವಾಣವೇ ಕಳಚಿಹೋಗುತ್ತದೆ. ಒಬ್ಬ ಕತ್ತಿ ಹಿಡಿದು ಓಡಾಡುತ್ತಾನೆ, ಇನ್ನೊಬ್ಬ ಇಂಜಿನ್ ಕೋಣೆಯ ಬಾಗಿಲು ಹಾಕಿಕೊಂಡು ಹಾಡುತ್ತಾನೆ. ಸ್ಪಾಕ್ ಎಂಬ ಅಧಿಕಾರಿ ಮಾತ್ರ ಯಾರೂ ಇಲ್ಲದ ಸಭಾಕೋಣೆಗೆ ನಡೆದು ಹೋಗುತ್ತಾನೆ. ಬಾಗಿಲು ಮುಚ್ಚಿದ ಮೇಲೆ ಅವನ ಗಂಟಲು ಕಟ್ಟುತ್ತದೆ. ತಾನೊಬ್ಬ ಅಧಿಕಾರಿ, ತನಗೊಂದು ಕರ್ತವ್ಯವಿದೆ ಎಂದು ತನಗೇ ಹೇಳಿಕೊಳ್ಳುತ್ತಾನೆ. ಅದೂ ಸಾಲದಾದಾಗ ಅಂಕಿಗಳನ್ನು ಹಿಡಿದುಕೊಂಡು ಲೆಕ್ಕ ಮಾಡಲು ನೋಡುತ್ತಾನೆ. ಲೆಕ್ಕವೂ ಕೈಕೊಟ್ಟಾಗ ಅಳುತ್ತಾನೆ. ಇಷ್ಟನ್ನೂ ಎಲ್ಲೂ ಕತ್ತರಿಸದ ಒಂದೇ ಶಾಟ್‌ನಲ್ಲಿ, ಒಂದೇ ಟೇಕ್‌ನಲ್ಲಿ ಚಿತ್ರೀಕರಿಸಲಾಗಿದೆ.

ಕಿರುತೆರೆಯ ನಟನೆಯನ್ನು ಬಹಳ ಕಾಲದಿಂದ ಆಸೆಪಟ್ಟು ನೋಡುತ್ತ ಬಂದಿರುವ ನನಗೆ, ಇದಕ್ಕಿಂತ ಹೆಚ್ಚು ಕಲಿಸಿದ ದೃಶ್ಯ ಇನ್ನೊಂದಿಲ್ಲ. ಇದು ಬರಹಗಾರರ ಮೊದಲ ಕರಡಿನಲ್ಲಿ ಇರಲಿಲ್ಲ. ಸೋಂಕು ತಗುಲಿದವನೊಬ್ಬ ಬಂದು ಸ್ಪಾಕ್‌ನ ಮುಖಕ್ಕೆ ಮೀಸೆ ಬಳಿಯುವ ಲಘು ಪ್ರಸಂಗವನ್ನಷ್ಟೇ ಅಲ್ಲಿ ಯೋಚಿಸಲಾಗಿತ್ತು. ಆ ಪಾತ್ರ ವಹಿಸಿದ್ದ ಲಿಯೊನಾರ್ಡ್ ನಿಮೊಯ್ ಒಪ್ಪಲಿಲ್ಲ. ಭಾವವನ್ನು ಹೊರಗೆ ಕಾಣಗೊಡದವನು ಕಡಿವಾಣ ಕಳೆದುಕೊಂಡರೆ ಮೊದಲು ಮಾಡುವ ಕೆಲಸ ನಾಲ್ಕು ಜನರಿಂದ ದೂರ ಹೋಗುವುದು ಎಂಬುದು ಅವರ ವಾದ. ಆ ದಿನದ ಚಿತ್ರೀಕರಣ ಮುಗಿಯುವ ಹೊತ್ತು ಹತ್ತಿರವಾಗಿತ್ತು, ಎರಡನೆಯ ಟೇಕ್‌ಗೆ ಸಮಯವೇ ಇರಲಿಲ್ಲ. ನಿರ್ದೇಶಕ ಮಾರ್ಕ್ ಡೇನಿಯಲ್ಸ್ ಕ್ಯಾಮೆರಾವನ್ನು ನಟನ ಸುತ್ತ ಸರಿಯುವಂತೆ ಇಟ್ಟು, ಉಳಿದುದನ್ನು ನಟನಿಗೆ ಬಿಟ್ಟರು.

ಸ್ಪಾಕ್ ಭಾವವೇ ಇಲ್ಲದ ಪಾತ್ರ ಎಂದು ಎಲ್ಲೆಡೆ ಬರೆಯುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಕಥೆಯ ಪ್ರಕಾರ ಅವನ ತಂದೆ ವಲ್ಕನ್ ಗ್ರಹದವನು, ತಾಯಿ ಭೂಮಿಯವಳು. ವಲ್ಕನ್ನರು ತರ್ಕವನ್ನೇ ಧರ್ಮದಂತೆ ಪಾಲಿಸುವವರು. ತಾಯಿಯ ಕಡೆಯ ರಕ್ತ ಒಳಗೆ ಕುದಿಯುತ್ತಿದ್ದರೂ ತಂದೆಯ ಕಡೆಯ ಶಿಸ್ತಿನಲ್ಲಿ ಬದುಕಬೇಕಾದವನು ಸ್ಪಾಕ್. ನಿಮೊಯ್ ಅಭಿನಯಿಸಿದ್ದು ಆ ಕುದಿತದ ಮೇಲೆ ಮುಚ್ಚಳ ಒತ್ತಿ ಹಿಡಿಯುವ ಶ್ರಮವನ್ನು. ಕಣ್ಣೀರು, ಕಂಪನ, ಸ್ವರಭೇದಗಳನ್ನು ಭರತ ಸಾತ್ವಿಕ ಭಾವಗಳೆಂದು ಕರೆದ. ಅವನ್ನು ತರಿಸಿಕೊಳ್ಳಬಲ್ಲ ನಟರು ಹಲವರಿದ್ದಾರೆ. ಅವೆಲ್ಲ ಗಂಟಲವರೆಗೆ ಬಂದು ಅಲ್ಲೇ ನಿಂತಿವೆ ಎಂದು ತೋರಿಸಬಲ್ಲವರು ತೀರ ಕಡಿಮೆ.

ನಿಮೊಯ್ ಹುಟ್ಟಿದ್ದು 1931ರ ಮಾರ್ಚ್ 26ರಂದು, ಬೋಸ್ಟನ್ನಿನ ವೆಸ್ಟ್ ಎಂಡ್ ಬಡಾವಣೆಯಲ್ಲಿ. ತಂದೆ ತಾಯಿ ಈಗಿನ ಉಕ್ರೇನಿನ ಇಜಿಯಾಸ್ಲಾವ್ ಊರಿನಿಂದ ವಲಸೆ ಬಂದ ಯಹೂದಿಗಳು. ತಂದೆಯದು ಕ್ಷೌರದ ಅಂಗಡಿ. ಇಟಲಿಯವರು, ಯಹೂದಿಗಳು, ಐರಿಷರು ಒತ್ತೊತ್ತಾಗಿ ಬದುಕಿದ್ದ ಆ ಬಡಾವಣೆಯಲ್ಲಿ ವಲಸಿಗರ ಮಕ್ಕಳಿಗಾಗಿ ಒಂದು ಸಮುದಾಯ ಭವನವಿತ್ತು, ಅದರೊಳಗೆ ಒಂದು ಪುಟ್ಟ ರಂಗಮಂದಿರವೂ ಇತ್ತು. ಎಂಟನೆಯ ವಯಸ್ಸಿಗೆ ನಿಮೊಯ್ ಅಲ್ಲಿ ರಂಗ ಹತ್ತಿದರು. ಹದಿನೇಳರಲ್ಲಿ ಕ್ಲಿಫರ್ಡ್ ಒಡೆಟ್ಸ್ ಬರೆದ ‘ಅವೇಕ್ ಆ್ಯಂಡ್ ಸಿಂಗ್’ ನಾಟಕದಲ್ಲಿ ರಾಲ್ಫಿಯ ಪಾತ್ರ ಸಿಕ್ಕಿತು. ಯಹೂದಿ ಕುಟುಂಬವೊಂದರ ಇಕ್ಕಟ್ಟಿನ ಮನೆಯಲ್ಲಿ ಉಸಿರುಕಟ್ಟಿ, ಹೊರಗೆ ಹಾರಲು ಹವಣಿಸುವ ಯುವಕನ ಪಾತ್ರವದು. ನಟನೇ ಆಗಬೇಕೆಂದು ಅವರು ನಿಶ್ಚಯಿಸಿದ್ದು ಆಗ.

ಮನೆಯವರಿಗೆ ಇದು ಹಿಡಿಸಲಿಲ್ಲ. ಮನೆಮನೆಗೆ ಹೋಗಿ ವ್ಯಾಕ್ಯೂಮ್ ಕ್ಲೀನರ್ ಮಾರಿ ಕೂಡಿಸಿದ ಹಣದಲ್ಲಿ ಹುಡುಗ ಕ್ಯಾಲಿಫೋರ್ನಿಯಾಕ್ಕೆ ರೈಲು ಹತ್ತಿದ. 1952ರಲ್ಲಿ ‘ಕಿಡ್ ಮಂಕ್ ಬರೋನಿ’ ಎಂಬ ಸಣ್ಣ ಚಿತ್ರದಲ್ಲಿ ಮುಖ್ಯ ಪಾತ್ರ ದೊರೆಯಿತಾದರೂ ಅದರಿಂದ ಬಾಗಿಲೇನೂ ತೆರೆಯಲಿಲ್ಲ. ಆಮೇಲೆ ಸೈನ್ಯದಲ್ಲಿ ಸೇವೆ. ಅದು ಮುಗಿದ ಮೇಲೆ ಹತ್ತು ವರ್ಷ ಟಿವಿ ಧಾರಾವಾಹಿಗಳ ಪುಡಿ ಪಾತ್ರಗಳು: ಒಂದು ವಾರ ರೆಡ್ ಇಂಡಿಯನ್, ಇನ್ನೊಂದು ವಾರ ಪುಂಡ, ಮತ್ತೊಂದು ವಾರ ಕೊಲೆಗಾರ. ಸಂಸಾರ ಸಾಗಿಸಲು ಟ್ಯಾಕ್ಸಿ ಓಡಿಸಿದರು, ಮನೆಗಳಲ್ಲಿ ಮೀನಿನ ತೊಟ್ಟಿಗಳನ್ನು ಜೋಡಿಸಿಕೊಟ್ಟರು. 1956ರಲ್ಲಿ ಅವರ ಟ್ಯಾಕ್ಸಿ ಹತ್ತಿದ ಪ್ರಯಾಣಿಕರಲ್ಲೊಬ್ಬರು ಆಗಿನ್ನೂ ಸೆನೆಟರ್ ಆಗಿದ್ದ ಜಾನ್ ಎಫ್. ಕೆನಡಿ. ನಿಮ್ಮ ವೃತ್ತಿಯಲ್ಲೂ ನನ್ನ ವೃತ್ತಿಯಲ್ಲೂ ಪೈಪೋಟಿ ಬಹಳ, ಆದರೂ ಒಳ್ಳೆಯವನೊಬ್ಬನಿಗೆ ಯಾವಾಗಲೂ ಜಾಗವಿರುತ್ತದೆ ಎಂದು ಕೆನಡಿ ಅಂದರಂತೆ. ನಿಮೊಯ್ ಇದನ್ನು ಕೊನೆಯವರೆಗೂ ಪ್ರೀತಿಯಿಂದ ಹೇಳುತ್ತಿದ್ದರು.

ನಿರ್ಮಾಪಕ ಜೀನ್ ರಾಡನ್‌ಬೆರಿ ನಿಮೊಯ್ ಅವರನ್ನು ಗುರುತಿಸಿದ್ದು ‘ದ ಲೆಫ್ಟಿನೆಂಟ್’ ಎಂಬ ಧಾರಾವಾಹಿಯ ಒಂದು ಕಂತಿನಲ್ಲಿ. 1964ರ ಕೊನೆಗೆ ‘ಸ್ಟಾರ್ ಟ್ರೆಕ್’ನ ಮಾದರಿ ಕಂತು ತಯಾರಾಯಿತು. ಅದನ್ನು ನೋಡಿದವರು ಬೆರಗಾಗುತ್ತಾರೆ: ಅಲ್ಲಿ ಸ್ಪಾಕ್ ನಗುತ್ತಾನೆ, ಕೂಗಿ ಮಾತನಾಡುತ್ತಾನೆ! ನಿರ್ಭಾವದಿಂದ ಇರುವ ಪಾತ್ರ ಆಗ ಬೇರೆ ಇತ್ತು. ಮೇಜಲ್ ಬ್ಯಾರೆಟ್ ನಟಿಸಿದ ಮಹಿಳಾ ಅಧಿಕಾರಿ ಅದು. ವಾಹಿನಿ ಆ ಕಂತನ್ನು ತಿರಸ್ಕರಿಸಿತು, ಎರಡನೆಯ ಅವಕಾಶ ಕೊಟ್ಟಿತು. ಚೂಪು ಕಿವಿಯ ಸ್ಪಾಕ್‌ನನ್ನು ಕೈಬಿಡಿ ಎಂದು ಒತ್ತಡವೂ ಬಂತು. ರಾಡನ್‌ಬೆರಿ ಜಗ್ಗಲಿಲ್ಲ. ಆ ಅಧಿಕಾರಿಯನ್ನು ಕಳೆದುಕೊಂಡರೂ ಅವಳ ತಣ್ಣಗಿನ ಸ್ವಭಾವವನ್ನು ಸ್ಪಾಕ್‌ಗೆ ಧಾರೆಯೆರೆದರು. ಮೊದಲ ಮಾದರಿಯಿಂದ ಧಾರಾವಾಹಿಯವರೆಗೆ ಉಳಿದು ಬಂದ ಪಾತ್ರ ಅದೊಂದೇ. ನಿಮೊಯ್‌ಗೂ ಆ ಕಿವಿಗಳ ಬಗ್ಗೆ ಅಳುಕಿತ್ತು. ಹದಿಮೂರು ಕಂತುಗಳಾದ ಮೇಲೂ ನಿನಗೆ ಸರಿಬರದಿದ್ದರೆ ಸ್ಪಾಕ್ ಕಿವಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ಕಥೆಯನ್ನೇ ಬರೆದುಕೊಡುತ್ತೇನೆ ಎಂದು ರಾಡನ್‌ಬೆರಿ ಮಾತು ಕೊಟ್ಟಿದ್ದರು. ಆ ಕಥೆ ಬರೆಯುವ ಅಗತ್ಯ ಬೀಳಲಿಲ್ಲ.

ಪಾತ್ರದ ದನಿ ಸಿಕ್ಕಿದ ಗಳಿಗೆಯನ್ನು ನಿಮೊಯ್ ನೆನೆದಿದ್ದಾರೆ. ‘ದ ಕಾರ್ಬೊಮೈಟ್ ಮನೂವರ್’ ಕಂತಿನ ಚಿತ್ರೀಕರಣ. ನೌಕೆಯ ಎದುರು ಅಪರಿಚಿತ ವಸ್ತುವೊಂದು ಪ್ರತ್ಯಕ್ಷವಾಗಿದೆ, ಎಲ್ಲರೂ ಗಾಬರಿಯಲ್ಲಿದ್ದಾರೆ. ಸ್ಪಾಕ್‌ಗೆ ಇದ್ದದ್ದು ವಿಸ್ಮಯ ಸೂಚಿಸುವ ಒಂದೇ ಮಾತು. ನಿಮೊಯ್ ಅದನ್ನು ಉಳಿದವರ ಗಾಬರಿಯ ಶ್ರುತಿಯಲ್ಲೇ ಹೇಳಿದರು. ಎಲ್ಲರಿಗಿಂತ ಬೇರೆಯಾಗಿರು, ವಿಜ್ಞಾನಿಯಾಗಿರು, ಇದನ್ನು ಅಪಾಯವೆನ್ನದೆ ಕುತೂಹಲದ ವಸ್ತುವೆಂಬಂತೆ ನೋಡು ಎಂದರು ನಿರ್ದೇಶಕ ಜೋಸೆಫ್ ಸಾರ್ಜೆಂಟ್. ಮುಂದಿನ ಸಲ ಅದೇ ಮಾತು ತಣ್ಣಗೆ, ತೂಗಿ ಬಂತು. ಆಮೇಲೆ ಆ ಶಾಂತ ಮುಖದ ಮೇಲೆ ಒಂದು ಹುಬ್ಬು ಏರಿದರೂ ಸಾಕಿತ್ತು, ಪ್ರೇಕ್ಷಕರಿಗೆ ಅರ್ಥವಾಗುತ್ತಿತ್ತು. ಗಾಯಕ ಹ್ಯಾರಿ ಬೆಲಫಾಂಟೆಯ ಕಛೇರಿಯಿಂದಲೂ ಈ ಪಾಠ ಕಲಿತೆನೆಂದು ನಿಮೊಯ್ ಹೇಳುತ್ತಾರೆ. ಬಹಳ ಹೊತ್ತು ಅಲುಗಾಡದೆ ನಿಂತು ಹಾಡಿದ ಬೆಲಫಾಂಟೆ ಒಮ್ಮೆ ಕೈ ಎತ್ತಿದಾಗ ಇಡೀ ಸಭೆಯೇ ಮಿಡಿಯಿತಂತೆ.

ದೇಹದ ಭಾಷೆಯನ್ನೂ ಅವರು ಒಂದೊಂದಾಗಿ ಕಟ್ಟಿದರು. ಸ್ಪಾಕ್ ಎದುರಾಳಿಯ ತಲೆಗೆ ಪಿಸ್ತೂಲಿನ ಹಿಡಿಯಿಂದ ಹೊಡೆಯಬೇಕೆಂದು ಒಂದು ಚಿತ್ರಕಥೆಯಲ್ಲಿತ್ತು. ಇಂಥವನು ಹಾಗೆ ಹೊಡೆದಾಡುವುದು ಸಲ್ಲದೆಂದು ನಿಮೊಯ್ ಕತ್ತಿನ ಬುಡವನ್ನು ಬೆರಳುಗಳಿಂದ ಅದುಮಿ ಮೂರ್ಛೆಗೊಳಿಸುವ ಪಟ್ಟನ್ನು ಸೂಚಿಸಿದರು. ವಿಲಿಯಂ ಶಾಟ್ನರ್ ಅದಕ್ಕೆ ತಕ್ಕಂತೆ ಕುಸಿದು ಬಿದ್ದದ್ದರಿಂದಲೇ ಆ ಪಟ್ಟು ನಂಬುವಂತಾಯಿತು ಎಂದು ಅವರು ಸಹನಟನಿಗೆ ಪಾಲು ಕೊಟ್ಟಿದ್ದಾರೆ. 1967ರ ‘ಅಮೋಕ್ ಟೈಮ್’ ಕಂತಿನಲ್ಲಿ ವಲ್ಕನ್ ಗ್ರಹ ಮೊದಲ ಬಾರಿಗೆ ತೆರೆಯ ಮೇಲೆ ಬಂತು. ಅಲ್ಲಿಯವರು ಪರಸ್ಪರ ಹೇಗೆ ವಂದಿಸಬೇಕು? ಬಾಲ್ಯದಲ್ಲಿ ಸಿನಗಾಗ್‌ನಲ್ಲಿ ಪುರೋಹಿತರು ಆಶೀರ್ವದಿಸುವಾಗ ಯಾರೂ ನೋಡಬಾರದೆಂಬ ನಿಯಮವಿತ್ತು. ಹುಡುಗ ನಿಮೊಯ್ ಕದ್ದು ನೋಡಿದ್ದರು. ನಡುವೆ ಕವಲೊಡೆದ ಬೆರಳುಗಳ ಆ ಮುದ್ರೆಯನ್ನೇ ವಲ್ಕನ್ನರಿಗೆ ಕೊಟ್ಟರು. ಇಂದು ಅದು ಜಗತ್ತಿಗೆಲ್ಲ ಗೊತ್ತಿರುವ ಕೈಸನ್ನೆ.

ಮೂರು ವರ್ಷ, 79 ಕಂತುಗಳು. 1969ರಲ್ಲಿ ವಾಹಿನಿ ಧಾರಾವಾಹಿಯನ್ನು ನಿಲ್ಲಿಸಿತು. ಆ ಮೂರೂ ವರ್ಷ ನಿಮೊಯ್ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡರು, ಒಮ್ಮೆಯೂ ಗೆಲ್ಲಲಿಲ್ಲ. ಮರುಪ್ರಸಾರದಲ್ಲಿ ‘ಸ್ಟಾರ್ ಟ್ರೆಕ್’ ಅಮೆರಿಕವನ್ನೂ ದಾಟಿ ಬೆಳೆಯಿತು. ನಮ್ಮಲ್ಲಿ 1980ರ ದಶಕದಲ್ಲಿ ದೂರದರ್ಶನ ಅದನ್ನು ಭಾನುವಾರ ಬೆಳಗ್ಗೆ ತೋರಿಸುತ್ತಿತ್ತು. ಇಂಗ್ಲಿಷ್ ಪೂರ್ತಿ ಅರ್ಥವಾಗದ ಮನೆಗಳಲ್ಲೂ ಸ್ಪಾಕ್ ಅರ್ಥವಾಗುತ್ತಿದ್ದ. ಮುಖದಲ್ಲೇ ಓದಬಹುದಾದ ನಟನೆಗೆ ಭಾಷೆಯ ಹಂಗು ಕಡಿಮೆ.

ಒಂದೇ ಪಾತ್ರ ಜಗದ್ವಿಖ್ಯಾತವಾದರೆ ನಟನಿಗೆ ಅದು ಕಷ್ಟವೇ. ಆ ಚಿತ್ರೀಕರಣದ ವರ್ಷಗಳಲ್ಲೇ ತಾನು ಕುಡಿತಕ್ಕೆ ದಾಸನಾದುದನ್ನು ನಿಮೊಯ್ ಮುಂದೆ ಬಹಿರಂಗವಾಗಿ ಹೇಳಿದರು, ಆ ಚಟದಿಂದ ಹೊರಗೂ ಬಂದರು. ಪಾತ್ರ ತನ್ನನ್ನು ನುಂಗದಂತೆ ಅವರು ಹುಡುಕಿಕೊಂಡ ದಾರಿ ಕೆಲಸ. ‘ಮಿಷನ್: ಇಂಪಾಸಿಬಲ್’ ಧಾರಾವಾಹಿಯಲ್ಲಿ ಎರಡು ವರ್ಷ ಪ್ಯಾರಿಸ್ ಎಂಬ ವೇಷಧಾರಿಯಾದರು. ರಂಗದ ಮೇಲೆ ‘ಫಿಡ್ಲರ್ ಆನ್ ದ ರೂಫ್’ನ ಟೆವ್ಯೆ ಆದರು, 1977ರಲ್ಲಿ ಬ್ರಾಡ್‌ವೇಯಲ್ಲಿ ‘ಈಕ್ವಸ್’ನ ಮನೋವೈದ್ಯರಾದರು. ‘ವಿನ್ಸೆಂಟ್’ ಎಂಬ ಏಕವ್ಯಕ್ತಿ ಪ್ರದರ್ಶನದಲ್ಲಿ ಚಿತ್ರಕಾರ ವ್ಯಾನ್ ಗೋನ ತಮ್ಮ ಥಿಯೊ ಆಗಿ ಊರೂರು ತಿರುಗಿದರು. 1982ರ ‘ಎ ವುಮನ್ ಕಾಲ್ಡ್ ಗೋಲ್ಡಾ’ ಟಿವಿ ಚಿತ್ರದಲ್ಲಿ ಇಂಗ್ರಿಡ್ ಬರ್ಗ್‌ಮನ್ ಎದುರು, ಇಸ್ರೇಲಿನ ಪ್ರಧಾನಿಯಾಗಿದ್ದ ಗೋಲ್ಡಾ ಮೇಯಿರ್‌ರ ಪತಿಯಾಗಿ ನಟಿಸಿದ್ದು ಅವರಿಗೆ ನಾಲ್ಕನೆಯ ಎಮ್ಮಿ ನಾಮನಿರ್ದೇಶನ ತಂದಿತು. ಹೆಂಡತಿಯ ಸಾರ್ವಜನಿಕ ಬದುಕಿನ ನೆರಳಿನಲ್ಲಿ ನೋಯುವ ಸಂಭಾವಿತ ಗಂಡನ ಪಾತ್ರವದು, ಕಿವಿಯ ಸಹಾಯವಿಲ್ಲದೆ ಮಾಡಿದ ಅದುಮಿಟ್ಟ ಅಭಿನಯ.

1975ರಲ್ಲಿ ‘ಐ ಆ್ಯಮ್ ನಾಟ್ ಸ್ಪಾಕ್’ ಎಂಬ ಪುಸ್ತಕ ಬರೆದಾಗ ಅಭಿಮಾನಿಗಳು ಮುನಿಸಿಕೊಂಡರು. ಪಾತ್ರಕ್ಕೂ ನಟನಿಗೂ ಇರುವ ಅಂತರವನ್ನು ಅವರು ಅಲ್ಲಿ ಪ್ರಾಮಾಣಿಕವಾಗಿ ಬಿಡಿಸಿಟ್ಟಿದ್ದರೂ ಹೆಸರು ನೋಡಿಯೇ ಜನ ತಿರಸ್ಕಾರವೆಂದು ತಿಳಿದರು. ಇಪ್ಪತ್ತು ವರ್ಷಗಳ ಬಳಿಕ ಬಂದ ಪುಸ್ತಕಕ್ಕೆ ಅವರಿಟ್ಟ ಹೆಸರು ‘ಐ ಆ್ಯಮ್ ಸ್ಪಾಕ್’. ಈ ಎರಡರ ನಡುವೆ ಅವರು ಕ್ಯಾಮೆರಾದ ಹಿಂದಕ್ಕೂ ಹೋಗಿದ್ದರು. ಸ್ಟಾರ್ ಟ್ರೆಕ್‌ನ ಮೂರನೆಯ ಮತ್ತು ನಾಲ್ಕನೆಯ ಚಲನಚಿತ್ರಗಳನ್ನು ನಿರ್ದೇಶಿಸಿದವರು ಅವರೇ. 1987ರಲ್ಲಿ ಅವರು ನಿರ್ದೇಶಿಸಿದ ‘ತ್ರೀ ಮೆನ್ ಆ್ಯಂಡ್ ಎ ಬೇಬಿ’ ಆ ವರ್ಷ ಬಿಡುಗಡೆಯಾದವುಗಳಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ ಚಿತ್ರ. ಹೆಸರಿನ ಬಲವನ್ನು ಸಹನಟರಿಗಾಗಿಯೂ ಬಳಸಿದರು. 1973ರಲ್ಲಿ ಸ್ಟಾರ್ ಟ್ರೆಕ್ ಕಾರ್ಟೂನ್ ಸರಣಿ ತಯಾರಾಗುವಾಗ ಖರ್ಚಿನ ನೆಪದಲ್ಲಿ ನಿಚೆಲ್ ನಿಕೋಲ್ಸ್ ಮತ್ತು ಜಾರ್ಜ್ ಟಕೇ ಅವರನ್ನು ಬಿಡಲು ಹೊರಟಿದ್ದರು. ಅವರಿಬ್ಬರೂ ಇಲ್ಲದಿದ್ದರೆ ತಾನೂ ಇಲ್ಲವೆಂದರು ನಿಮೊಯ್. ಇಬ್ಬರಿಗೂ ಕೆಲಸ ಸಿಕ್ಕಿತು.

2010ರಲ್ಲಿ, ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ನಟನೆಯಿಂದ ನಿವೃತ್ತಿ ಘೋಷಿಸಿದರು. ಹೊಸ ಚಿತ್ರಗಳಲ್ಲಿ ಸ್ಪಾಕ್ ಆಗಿದ್ದ ಜಕರಿ ಕ್ವಿಂಟೊಗೆ ಪೂರ್ತಿ ಜಾಗ ಬಿಟ್ಟುಕೊಡಬೇಕೆಂಬ ಆಸೆ ಅದರಲ್ಲಿತ್ತು. ಆಮೇಲೂ ಸ್ನೇಹಕ್ಕೆ ಕಟ್ಟುಬಿದ್ದು ‘ಫ್ರಿಂಜ್’ ಧಾರಾವಾಹಿಗೂ 2013ರ ಸ್ಟಾರ್ ಟ್ರೆಕ್ ಚಿತ್ರಕ್ಕೂ ಸ್ವಲ್ಪ ಹೊತ್ತು ಬಂದು ಹೋದರು. ನಿವೃತ್ತಿಯ ಹೆಚ್ಚಿನ ಹೊತ್ತು ಛಾಯಾಗ್ರಹಣಕ್ಕೆ ಮೀಸಲು. 1970ರ ದಶಕದಲ್ಲೇ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಅದನ್ನು ಕಲಿತಿದ್ದರು. 2007ರ ‘ದ ಫುಲ್ ಬಾಡಿ ಪ್ರಾಜೆಕ್ಟ್’ನಲ್ಲಿ ಜಾಹೀರಾತುಗಳು ಮೂಲೆಗೆ ತಳ್ಳಿದ ದಪ್ಪ ಮೈಯ ಮಹಿಳೆಯರನ್ನು ಘನತೆಯಿಂದ ಚಿತ್ರಿಸಿದರು. ಮೂವತ್ತು ವರ್ಷಗಳ ಹಿಂದೆಯೇ ಬಿಟ್ಟಿದ್ದ ಸಿಗರೇಟು ಶ್ವಾಸಕೋಶದಲ್ಲಿ ಲೆಕ್ಕ ಇಟ್ಟುಕೊಂಡಿತ್ತು. ತನ್ನ ಕಾಯಿಲೆಯನ್ನು 2014ರಲ್ಲಿ ತಾನೇ ಪ್ರಕಟಿಸಿ, ಈಗಲೇ ಬಿಡಿ ಎಂದು ಸೇದುವವರನ್ನು ಬೇಡಿಕೊಂಡರು. 2015ರ ಫೆಬ್ರುವರಿ 27ರಂದು ತೀರಿಕೊಂಡಾಗ ಅವರಿಗೆ 83 ವರ್ಷ.

ಹೊಸದಾಗಿ ನೋಡುವವರಿಗೆ ನಾನು ಹೇಳುವುದು ಮೂರು ಕಂತು. ಮೊದಲು ‘ದ ನೇಕೆಡ್ ಟೈಮ್’. ಅದಾದ ಮೇಲೆ ‘ದಿಸ್ ಸೈಡ್ ಆಫ್ ಪ್ಯಾರಡೈಸ್’. ಗಿಡವೊಂದರ ಬೀಜಕಣ ಸೋಕಿ ಸ್ಪಾಕ್ ಪ್ರೀತಿಸುತ್ತಾನೆ, ನಗುತ್ತಾನೆ, ಕೊನೆಗೆ ಎಲ್ಲವೂ ಕಳೆದುಹೋದಾಗ ಮತ್ತೆ ಹಳೆಯ ಮುಖಕ್ಕೆ ಮರಳುತ್ತಾನೆ. ಆ ಮರಳುವಿಕೆಯನ್ನು ಗಮನಿಸಿ. ಮೂರನೆಯದು ‘ದ ಡೆವಿಲ್ ಇನ್ ದ ಡಾರ್ಕ್’. ಬಂಡೆಯಂಥ ಪ್ರಾಣಿಯೊಂದರ ಮನಸ್ಸಿನೊಳಗೆ ಹೊಕ್ಕು ಅದರ ನೋವನ್ನು ತನ್ನ ಬಾಯಲ್ಲಿ ಹೇಳುವಾಗ ನಿಮೊಯ್ ಎದುರಿಗಿರುವುದು ರಬ್ಬರಿನ ವೇಷ. ದೃಶ್ಯಕ್ಕೆ ಜೀವ ಬರುವುದು ಆ ದನಿಯಿಂದ ಮಾತ್ರ. ಸಾಧ್ಯವಾದರೆ ಇವನ್ನು ಎರಡನೆಯ ಸಲ ನೋಡಿ, ಆಗ ಬೇರೆಯವರು ಮಾತನಾಡುತ್ತಿರುವಾಗಲೂ ಸ್ಪಾಕ್‌ನ ಮೇಲೆಯೇ ಕಣ್ಣಿಡಿ. ಅವನು ಪ್ರತಿ ಮಾತನ್ನೂ ನಿಜವಾಗಿ ಕೇಳುತ್ತಿರುತ್ತಾನೆ.

ನಮ್ಮ ಕನ್ನಡದ ಧಾರಾವಾಹಿಗಳಲ್ಲಿ ಒಳ್ಳೆಯ ನಟನಟಿಯರು ಧಾರಾಳವಾಗಿದ್ದಾರೆ. ಆದರೆ ಒಂದು ಆಘಾತವನ್ನು ಮೂರು ಮೂರು ಸಲ ಹತ್ತಿರದಿಂದ ತೋರಿಸಿ, ಸಂಗೀತ ಸಿಡಿಸಿ, ಮುಖದ ಕೆಲಸವನ್ನು ಸಂಕಲನವೇ ಕಸಿದುಕೊಳ್ಳುತ್ತದೆ. ದಿನಕ್ಕೊಂದು ಕಂತು ಮುಗಿಸುವ ಅವಸರ ನನಗೆ ಅರ್ಥವಾಗುತ್ತದೆ. ‘ಸ್ಟಾರ್ ಟ್ರೆಕ್’ ಕೂಡ ಅವಸರದಲ್ಲೇ, ಕಡಿಮೆ ದುಡ್ಡಿನಲ್ಲೇ ತಯಾರಾಯಿತು. ಸಮಯ ಮುಗಿಯುತ್ತಿದ್ದ ಆ ಸಂಜೆ ನಿರ್ದೇಶಕ ನಟನನ್ನು ನಂಬಿದರು, ನಟ ಪ್ರೇಕ್ಷಕನನ್ನು ನಂಬಿದ. ನಮ್ಮ ನಿರ್ದೇಶಕರು ವಾರಕ್ಕೊಂದು ದೃಶ್ಯದಲ್ಲಾದರೂ ಸಂಗೀತ ನಿಲ್ಲಿಸಿ, ಕ್ಯಾಮೆರಾವನ್ನು ಒಂದೇ ಮುಖದ ಮೇಲೆ ಬಿಟ್ಟು ನೋಡಲಿ. ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ನಮ್ಮ ಕಲಾವಿದರು ಅದನ್ನು ಸಮರ್ಥವಾಗಿ ಹೊರುತ್ತಾರೆ ಎಂಬ ಭರವಸೆ ನನಗಿದೆ.