ದೊಡ್ಡ ಟಿ.ವಿ.ಯ ಚಿತ್ರ ನಿಜವಾಗಿ ಹೇಗಿದೆ?

ನಮ್ಮ ವಾಚನಾಲಯಕ್ಕೆ ಒಂದು ದೊಡ್ಡ ಟಿ.ವಿ. ತರಬೇಕು ಅಂತ ಊರಲ್ಲಿ ಮಾತು ಎದ್ದು ಮೂರು ತಿಂಗಳಾಯ್ತು. ಚಂದಾ ರಸೀತಿ ಪುಸ್ತಕ ಕೂಡ ಅಚ್ಚಾಗಿದೆ. ಮೇಲಿನ ಬೀದಿಯ ಒಂದು ಮನೆಗೆ 65 ಇಂಚಿನ ಟಿ.ವಿ. ಬಂದ ಮೇಲೆ ಶುರುವಾದ ಮಾತಿದು. ಅದರ ಬೆಲೆ ಒಂದೂವರೆ ಲಕ್ಷದ ಹತ್ತಿರ. ನೋಡಿ ಬಂದವರೆಲ್ಲ ಹೇಳೋದು ಒಂದೇ: "ಕಣ್ಣಿಗೆ ಕಟ್ಟಿದಂಗದೆ." ಹೆಂಗೆ ಅಂತ ಕೇಳಿದರೆ ಮುಂದಕ್ಕೆ ಮಾತಿಲ್ಲ. ಹಾಡು ಕೇಳಿದವರು ಇಷ್ಟೇ ಹೇಳಿ ಎದ್ದು ಹೋದರೆ ಹಾಡುವ ನಮಗೆ ಸಾಲದು. ಶ್ರುತಿ ನಿಂತಿತಾ, ತಾಳ ಸರಿಯಿತ್ತಾ, ಪದದ ಮಾತು ಕೇಳಿಸಿತಾ ಅಂತ ಬಿಡಿಸಿ ಕೇಳ್ತೀವಿ. ಚಿತ್ರವನ್ನೂ ಹಾಗೆ ಬಿಡಿಸಿ ನೋಡೋಣ ಅಂತ ಆ ಮನೆಯವರನ್ನ ಕೇಳಿಕೊಂಡು ನಾಲ್ಕು ರಾತ್ರಿ, ಒಂದು ಮಧ್ಯಾಹ್ನ ಅದರ ಮುಂದೆ ಕೂತೆ. ನಾನು ಓದಿದ್ದು ಏಳನೇ ಕ್ಲಾಸು. ಯಂತ್ರದ ಲೆಕ್ಕಗಳನ್ನ ನಮ್ಮ ಸ್ಕೂಲಿನ ವಿಜ್ಞಾನದ ಮೇಷ್ಟ್ರು ಬಿಡಿಸಿ ಹೇಳಿಕೊಟ್ಟರು. ಕಂಪನಿ ಹೆಸರು ಬರೆಯೋದಿಲ್ಲ. ಹೊಗಳಿದರೆ ಜಾಹೀರಾತು ಅಂತೀರಿ, ತೆಗಳಿದರೆ ಹೊಟ್ಟೆಕಿಚ್ಚು ಅಂತೀರಿ.

ಮೊದಲು ನಮ್ಮ ಕಣ್ಣು ಯಾವ ಚಿತ್ರಕ್ಕೆ ಪಳಗಿದೆ ಅನ್ನೋದನ್ನ ನೆನೆಸಿಕೊಳ್ಳಬೇಕು. ಎಂಬತ್ತರ ದಶಕದಲ್ಲಿ ಉದ್ದ ಕಂಬಕ್ಕೆ ಆಂಟೆನಾ ಕಟ್ಟಿ ಸಿಲೋನಿನ ರೂಪವಾಹಿನಿ ಹಿಡಿಯುತ್ತಿದ್ದ ಕಾಲ ಗೊತ್ತಿರೋರು ಇನ್ನೂ ಇದ್ದಾರೆ. ಅರ್ಧ ಚಿತ್ರ, ಅರ್ಧ ಮಂಜು. 1982ರಲ್ಲಿ ದಿಲ್ಲಿಯ ಏಷ್ಯನ್ ಗೇಮ್ಸ್ ಹೊತ್ತಿಗೆ ದೂರದರ್ಶನಕ್ಕೆ ಬಣ್ಣ ಬಂತು. ಆಮೇಲೆ ಕೊಡೈಕಾನಲ್ ಬೆಟ್ಟದ ಗೋಪುರದಿಂದ ನಮ್ಮ ಕಂಬಂ ಕಣಿವೆಗೂ ಚಿತ್ರ ಇಳಿಯಿತು. 2006ರಲ್ಲಿ ಸರ್ಕಾರ ಮನೆಮನೆಗೆ 14 ಇಂಚಿನ ಬಣ್ಣದ ಟಿ.ವಿ.ಯನ್ನ ಪುಕ್ಕಟೆ ಕೊಡಲು ಶುರು ಮಾಡಿತು. ಆ ಗಾಜಿನ ಬುರುಡೆ ಟಿ.ವಿ. ಚಿಕ್ಕದು, ಭಾರ, ಆದರೆ ಒಂದು ವಿಷಯದಲ್ಲಿ ಪ್ರಾಮಾಣಿಕವಾಗಿತ್ತು. ಕತ್ತಲು ಬಂದಾಗ ಕತ್ತಲನ್ನೇ ತೋರಿಸುತ್ತಿತ್ತು. ಅದನ್ನ ಅಟ್ಟಕ್ಕೆ ಹಾಕಿ ಗೋಡೆಗೆ ತೆಳ್ಳನೆಯ ಎಲ್‌ಇಡಿ ಟಿ.ವಿ. ಹಾಕಿದೆವಲ್ಲ, ಆವತ್ತಿಂದ ರಾತ್ರಿ ಅನ್ನೋದು ಬೂದಿ ಬಣ್ಣವಾಯ್ತು. ಯಾರೂ ಗಮನಿಸಲಿಲ್ಲ.

ಇದಕ್ಕೆ ಕಾರಣ ಇದೆ. ಮಾಮೂಲಿ ಎಲ್‌ಇಡಿ ಟಿ.ವಿ.ಯಲ್ಲಿ ಪರದೆಯ ಹಿಂದೆ ಯಾವಾಗಲೂ ದೀಪ ಉರೀತಾ ಇರುತ್ತೆ. ಮುಂದಿನ ಪದರ ಆ ಬೆಳಕನ್ನ ತಡೀಬೇಕು, ಪೂರ್ತಿ ತಡೆಯೋಕೆ ಆಗಲ್ಲ, ಸ್ವಲ್ಪ ಸೋರುತ್ತೆ. ಮೇಲಿನ ಬೀದಿಯ ಟಿ.ವಿ. ಓಎಲ್‌ಇಡಿ ಅನ್ನೋ ಜಾತಿ. ಅದರಲ್ಲಿ ಹಿಂದೆ ದೀಪವೇ ಇಲ್ಲ. ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತೆ, ತಾನೇ ಆರುತ್ತೆ. ಕಪ್ಪು ಬೇಕಾದ ಕಡೆ ಚುಕ್ಕಿ ಆರಿಯೇ ಬಿಡುತ್ತೆ. ನಮ್ಮಲ್ಲಿ ಅಮಾವಾಸ್ಯೆ ರಾತ್ರಿ ನೀರು ಕಟ್ಟೋಕೆ ಹೋದವರಿಗೆ ಪಡುವಣ ಬೆಟ್ಟದ ಏಣು ಹೇಗೆ ಕಾಣುತ್ತೆ ಗೊತ್ತು. ಬೆಟ್ಟವೂ ಕಪ್ಪು, ಆಕಾಶವೂ ಕಪ್ಪು, ಆದರೂ ಎರಡೂ ಬೇರೆ. ಒಂದು ಸಿನಿಮಾದ ರಾತ್ರಿ ದೃಶ್ಯದಲ್ಲಿ ಅಂಥ ಎರಡು ಕಪ್ಪುಗಳನ್ನ ಈ ಪರದೆಯಲ್ಲಿ ಬೇರೆ ಬೇರೆಯಾಗಿ ಕಂಡೆ. ಅದೇ ದೃಶ್ಯ ನಮ್ಮ ಮನೆ ಟಿ.ವಿ.ಯಲ್ಲಿ ಒಂದೇ ಬೂದು ಹಚ್ಚಡ. ಇದಕ್ಕೆ ಪೂರ್ತಿ ಅಂಕ ಕೊಡ್ತೀನಿ, ದುಡ್ಡಿಗೆ ಬೆಲೆ ಇದೆ.

ಬಣ್ಣದ ವಿಷಯ ಅಷ್ಟು ಸಲೀಸಲ್ಲ. ಮೊದಲ ರಾತ್ರಿ ಟಿ.ವಿ. ಅಂಗಡಿಯಿಂದ ಬಂದಂಗೇ ಇತ್ತು. ಅಂಗಡಿಯಲ್ಲಿ ಹತ್ತಾರು ಟಿ.ವಿ. ಸಾಲಾಗಿ ಉರಿಯುತ್ತವೆ, ಮೇಲೆ ಟ್ಯೂಬ್‌ಲೈಟು. ಅಲ್ಲಿ ಗಿರಾಕಿಯ ಕಣ್ಣಿಗೆ ಬೀಳಬೇಕು ಅಂತ ಬಣ್ಣ ಏರಿಸಿ, ಬಿಳುಪಿಗೆ ನೀಲಿ ಹಾಕಿಟ್ಟಿರ್ತಾರೆ. ರಿಮೋಟಿನಲ್ಲಿ ಅದಕ್ಕೆ ವಿವಿಡ್ ಅಂತಲೋ ಡೈನಾಮಿಕ್ ಅಂತಲೋ ಹೆಸರು. ಆ ಮನೆಯ ಹುಡುಗ ಫೋನಿನಲ್ಲಿ ತೆಗೆದಿದ್ದ ನಮ್ಮ ಪನ್ನೀರ್ ದ್ರಾಕ್ಷಿ ಚಪ್ಪರದ ವಿಡಿಯೋ ಹಾಕಿಸಿದೆ. ಈ ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಅದರ ಬಣ್ಣ ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಹಣ್ಣಾದ ಗೊಂಚಲಿನ ಮೇಲೆ ಒಂದು ಬೂದಿಯಂಥ ಪುಡಿ ಕೂತಿರುತ್ತೆ, ಕೈ ಮುಟ್ಟಿದರೆ ಬೆರಳಿನ ಗುರುತು ಬೀಳುತ್ತೆ. ಅದು ಇದ್ದರೆ ತಾಜಾ ಅಂತ ವ್ಯಾಪಾರಿಗೆ ಗೊತ್ತಾಗೋದು. ವಿವಿಡ್‌ನಲ್ಲಿ ಆ ಪುಡಿಯೇ ಇಲ್ಲ. ಗೊಂಚಲು ಪ್ಲಾಸ್ಟಿಕ್ ಮಣಿ ಪೋಣಿಸಿದಂಗೆ ಮಿಂಚ್ತಾ ಇತ್ತು. ಎಲೆ ಬಣ್ಣ ಬಳಿದ ಬಾಗಿಲಿನ ಹಸಿರು. ಕಂಬಂ ನಂದಗೋಪಾಲಸ್ವಾಮಿ ಗುಡಿಯ ತಂಬಿರಾನ್ ದನದ ತೊಳುವಿನಲ್ಲಿ ಮಾಟ್ಟುಪೊಂಗಲ್ ದಿನ ತೆಗೆದ ವಿಡಿಯೋ ಹಾಕಿದರು. ಕೆಂದ, ಕಂದು, ಮಾಸಲು ಕೆಂಪು, ಮೂರು ಬಣ್ಣದ ದನಗಳೂ ಒಂದೇ ಇಟ್ಟಿಗೆ ಬಣ್ಣ! ಪಕ್ಕದಲ್ಲಿ ನಿಂತ ನಮ್ಮ ಜನರ ಮುಖಕ್ಕೆಲ್ಲ ಅರಿಶಿನ ತೀಡಿದಂಗಿತ್ತು.

ಆಮೇಲೆ ಸಿನಿಮಾ ಅನ್ನೋ ಮೋಡಿಗೆ ಹಾಕಿಸಿದೆ. "ದೊಡ್ಡಪ್ಪ, ಕಲರೇ ಹೋಯ್ತಲ್ಲ, ಹಳದಿ ಹಳದಿ" ಅಂದ ಹುಡುಗ. ಹತ್ತು ನಿಮಿಷ ಸುಮ್ಮನೆ ಕೂತ್ಕೋ ಅಂದೆ. ಕಣ್ಣು ಹೊಂದಿಕೊಂಡಿತು. ದ್ರಾಕ್ಷಿಯ ಪುಡಿ ಬಂತು, ದನಗಳು ಮೂರು ಬಣ್ಣವಾದವು. ಮೇಷ್ಟ್ರು ಹೇಳಿದ್ದು, ಸಿನಿಮಾ ಮತ್ತು ಟಿ.ವಿ. ಮಾಡುವವರು ಬಣ್ಣ ಕೂರಿಸುವಾಗ 6500 ಕೆಲ್ವಿನ್ ಅನ್ನೋ ಬಿಳುಪನ್ನ ಅಳತೆಗೆ ಇಟ್ಟುಕೊಳ್ಳುತ್ತಾರೆ. ಸಿನಿಮಾ ಮೋಡು ಅದಕ್ಕೆ ಹತ್ತಿರ, ಅಂಗಡಿ ಮೋಡು ತುಂಬ ನೀಲಿ.

ಇಲ್ಲಿ ವಯಸ್ಸಾದವರಿಗೆ ಒಂದು ಮಾತು. ನನ್ನ ಬಲಗಣ್ಣಿಗೆ ಪೊರೆ ಆಪರೇಷನ್ ಆಗಿದೆ, ಎಡಗಣ್ಣಿಗೆ ಆಗಿಲ್ಲ. ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಅದೇ ಪರದೆಯ ಬಿಳುಪು ಎರಡು ಥರ. ಪೊರೆ ಇರೋ ಕಣ್ಣಿಗೆ ಎಲ್ಲವೂ ಹಳದಿ ಕಡೆಗೆ. ಹಾಗಾಗಿ ನಮ್ಮ ವಯಸ್ಸಿನವರು ನೀಲಿ ಹಾಕಿದ ಚಿತ್ರವನ್ನ "ಪಳಪಳ ಅಂತದೆ" ಅಂತ ಮೆಚ್ಚಿದರೆ ಅವರ ತಪ್ಪಲ್ಲ. ಆದರೆ ಊರಿಗೆ ಟಿ.ವಿ. ಆರಿಸುವಾಗ ಪೊರೆ ಇಲ್ಲದ ಕಣ್ಣಿನವರೂ ಇಬ್ಬರು ಜೊತೆಗಿರಲಿ.

ಬಣ್ಣ ಸರಿಯಾದ ಮೇಲೆ ಒಂದು ಹಳೇ ಸಿನಿಮಾ ನೋಡಿದೆವು: '16 ವಯದಿನಿಲೆ', 1977ರದ್ದು. ಭಾರತಿರಾಜ ನಮ್ಮ ತೇನಿ ಅಲ್ಲಿನಗರದವರು. ಕನ್ನಡದ ಪುಟ್ಟಣ್ಣ ಕಣಗಾಲರ ಹತ್ತಿರ ಸಹಾಯಕರಾಗಿ ಕೆಲಸ ಕಲಿತವರು. ಈ ಸಿನಿಮಾದ ಹೆಚ್ಚು ಭಾಗ ತೆಗೆದಿದ್ದು ಮೈಸೂರು, ಕೊಳ್ಳೇಗಾಲದ ಕಡೆ. ಇಲ್ಲಿ ಹುಟ್ಟಿದವರು ಅಲ್ಲಿ ಹೋಗಿ ತೆಗೆದ ಹಳ್ಳಿ, ಮನೆಯಲ್ಲಿ ಕನ್ನಡ ಬೀದಿಯಲ್ಲಿ ತಮಿಳು ಆಡುವ ನಮಗೆ ಎರಡು ಕಡೆಯಿಂದಲೂ ನೆಂಟು. ಬಣ್ಣ ಬಳಿಯದ ಮುಖ, ಬಿಸಿಲಿಗೆ ಕಂದಿದ ಮೈ ಚೆನ್ನಾಗಿ ಕಾಣಿಸಿದವು. ಆದರೆ ಜನ ನಡೆಯೋದು ಯಾಕೋ ಎಣ್ಣೆಯ ಮೇಲೆ ಜಾರಿದಂಗೆ. ಸಿನಿಮಾ ಅಂದರೆ ಸೆಕೆಂಡಿಗೆ 24 ಚಿತ್ರ. ಈ ಟಿ.ವಿ. ಸೆಕೆಂಡಿಗೆ 120 ತೋರಿಸುತ್ತೆ. ಒಂದೇ ಚಿತ್ರವನ್ನ ಐದು ಸಲ ತೋರಿಸಿದರೆ ಸಿನಿಮಾ ಸಿನಿಮಾದಂಗೇ ಇರುತ್ತೆ. ಇದು ಎರಡು ಚಿತ್ರದ ಮಧ್ಯೆ ತಾನೇ ಹೊಸ ಚಿತ್ರ ಕಟ್ಟಿ ತುಂಬುತ್ತೆ. ಕ್ರಿಕೆಟ್ಟಿಗೆ ಅಡ್ಡಿಯಿಲ್ಲ, ಸಿನಿಮಾ ಮಾತ್ರ ಸಾಯಂಕಾಲದ ಸೀರಿಯಲ್ಲಾಗಿಬಿಡುತ್ತೆ. 2018ರಲ್ಲಿ ಹಾಲಿವುಡ್‌ನ ಟಾಮ್ ಕ್ರೂಸ್ ಇದನ್ನ ಆರಿಸಿ ಸಿನಿಮಾ ನೋಡಿ ಅಂತ ವಿಡಿಯೋ ಮಾಡಿ ಜನರನ್ನ ಕೇಳಿಕೊಂಡಿದ್ದರು. ಸೆಟ್ಟಿಂಗಿನಲ್ಲಿ ಮೋಷನ್ ಅಂತ ಇರುತ್ತೆ, ಆರಿಸಬಹುದು, ಆರಿಸಿದೆವು.

ಇನ್ನೊಂದು ಸಣ್ಣ ದೋಷ, ಹಾಡೋರಿಗೆ ಮಾತ್ರ ತಿಳಿಯುವಂಥದ್ದು. ಬೇರೆ ಸ್ಪೀಕರ್ ಪೆಟ್ಟಿಗೆ ಜೋಡಿಸಿದಾಗ ಕೈ ತಟ್ಟೋದಕ್ಕೂ ಸದ್ದಿಗೂ ಕೂದಲೆಳೆ ಅಂತರ ಬಿತ್ತು. ಚಿತ್ರ ತಿದ್ದೋಕೆ ಯಂತ್ರ ಹೊತ್ತು ತಗೊಳುತ್ತೆ, ಅಷ್ಟರಲ್ಲಿ ಸದ್ದು ಮುಂದೆ ಓಡಿರುತ್ತೆ. ಅದನ್ನೂ ಸೆಟ್ಟಿಂಗಿನಲ್ಲಿ ಸರಿ ಮಾಡಬಹುದು.

ಈಗ ದೊಡ್ಡ ಮಾತಿಗೆ ಬರ್ತೀನಿ. ಈ ಟಿ.ವಿ.ಯನ್ನ 4ಕೆ ಅಂತಾರೆ. ಅಡ್ಡಕ್ಕೆ 3840, ಉದ್ದಕ್ಕೆ 2160 ಚುಕ್ಕಿ. ಗುಣಿಸಿದರೆ 82,94,400, ಹತ್ತಿರ ಹತ್ತಿರ 83 ಲಕ್ಷ. ನಮ್ಮ ಮನೆಗೆ ಬರೋ ಸಾದಾ ಕೇಬಲ್ ಚಾನೆಲ್ಲಿನಲ್ಲಿ ಇರೋದು ಹೆಚ್ಚೆಂದರೆ 720ಕ್ಕೆ 576, ಅಂದರೆ 4,14,720. ಭಾಗಿಸಿ ನೋಡಿ, ಸರಿಯಾಗಿ ಇಪ್ಪತ್ತು. ಒಂದು ಚುಕ್ಕಿ ಕೇಬಲ್ಲಿನಿಂದ ಬಂದರೆ ಹತ್ತೊಂಬತ್ತನ್ನ ಟಿ.ವಿ. ಊಹೆ ಮಾಡಿ ತುಂಬುತ್ತೆ. ಪಕ್ಕದ ಚುಕ್ಕಿ ನೋಡಿ ಇಲ್ಲಿ ಇದಿರಬಹುದು ಅಂತ. ಕೆಲವು ಸಲ ಊಹೆ ಸರಿ, ಕೆಲವು ಸಲ ತಪ್ಪು. ಒಂದೂವರೆ ಲಕ್ಷ ಕೊಟ್ಟು ನಾವು ದಿನಾ ನೋಡೋ ನ್ಯೂಸು ಈ ಊಹೆಯದ್ದೇ.

ನ್ಯೂಸಿನಲ್ಲಿ ಊಹೆ ಮಾಡಿದರೆ ನಷ್ಟವಿಲ್ಲ. ನಷ್ಟ ಎಲ್ಲಿ ಅಂತ ಮೂರನೇ ರಾತ್ರಿ ಕಂಡೆ. ತೊಂಬತ್ತರ ದಶಕದಲ್ಲಿ ಆ ಮನೆಯ ಒಂದು ಮದುವೆಯಲ್ಲಿ ತೆಗೆದ ವಿಡಿಯೋ ಕ್ಯಾಸೆಟ್ಟನ್ನ ಪೆನ್ ಡ್ರೈವಿಗೆ ಹಾಕಿಸಿದ್ದರು. ಅದರಲ್ಲಿ ನಮ್ಮೂರ ಹಿರಿಯವ್ವ ಒಬ್ಬರು ಸೋಬಾನೆ ಹೇಳ್ತಾರೆ. ಅವರು ಹೋಗಿ ಬಹಳ ವರ್ಷವಾಯ್ತು. ಅವರು ಹೇಳ್ತಿದ್ದ ಪದಗಳಲ್ಲಿ ಕೆಲವು ಅವರ ಜೊತೆಗೇ ಹೋದವು. ಕ್ಯಾಸೆಟ್ಟಿನಲ್ಲಿ ನಾದಸ್ವರ, ಮೈಕ್ ಸೆಟ್ಟು, ಮಕ್ಕಳ ಗಲಾಟೆ ಸೇರಿ ಮಾತು ಅರ್ಧಕ್ಕರ್ಧ ಮುಚ್ಚಿಹೋಗಿದೆ. ಹಾಗಾಗಿ ಪದ ಬಿಡಿಸಬೇಕಾದರೆ ಅವ್ವನ ತುಟಿ ನೋಡಬೇಕು. ಪ, ಬ, ಮ ಅನ್ನುವಾಗ ತುಟಿ ಮುಚ್ಚುತ್ತೆ. ಅಷ್ಟು ಗುರುತು ಸಿಕ್ಕಿದರೂ ಹಾಡಿ ಅಭ್ಯಾಸ ಇದ್ದವರು ಮಿಕ್ಕಿದ್ದನ್ನ ಹಿಡಿಯಬಹುದು.

ಟಿ.ವಿ. ತಂದಂಗೇ ಇಟ್ಟು ಅದನ್ನ ಹಾಕಿದಾಗ ಮನೆಯವರೆಲ್ಲ "ಎಷ್ಟು ಕ್ಲೀನಾಗದೆ" ಅಂದರು. ಕ್ಲೀನಾಗಿತ್ತು, ನಿಜ. ಮುಖದ ಸುಕ್ಕೆಲ್ಲ ಹೋಗಿ ಮೇಣ ಸವರಿದಂಗೆ ನುಣ್ಣಗಿತ್ತು. ಹಳೇ ಕ್ಯಾಸೆಟ್ಟಿನ ಮೇಲೆ ಮರಳು ಚೆಲ್ಲಿದಂಗೆ ಕಾಣೋ ಕೊಳೆಯನ್ನ ತೆಗೆಯೋ ಯಂತ್ರಕ್ಕೆ ಕೊಳೆ ಯಾವುದು ಸುಕ್ಕು ಯಾವುದು ತಿಳಿಯೋದಿಲ್ಲ. ತುಟಿ ಒಂದು ಕೆಂಪು ಗೆರೆಯಾಗಿತ್ತು, ಮುಚ್ಚೋದೂ ಇಲ್ಲ, ತೆರೆಯೋದೂ ಇಲ್ಲ. ಸಾಲದ್ದಕ್ಕೆ ಹಳೇ ಚೌಕದ ಚಿತ್ರವನ್ನ ಅಗಲಕ್ಕೆ ಎಳೆದು ಹಾಕಿತ್ತು. ಕಡ್ಡಿಯಂಥ ಅವ್ವ ದಪ್ಪಗಾಗಿದ್ದರು. ಇದು ನಮ್ಮೂರಲ್ಲಿ ಎಲ್ಲ ಮನೆಯಲ್ಲೂ ಇರೋ ರೋಗ. ಚಿತ್ರ ಪರದೆ ತುಂಬಬೇಕು ಅಂತ ಎಲ್ಲರನ್ನೂ ದಪ್ಪ ಮಾಡಿ ನೋಡ್ತೀವಿ, ಅದು ಅಭ್ಯಾಸವೂ ಆಗಿಬಿಟ್ಟಿದೆ.

ಹುಡುಗನ ಕೈಲಿ ನಾಯ್ಸ್ ರಿಡಕ್ಷನ್ ಆರಿಸಿದೆ, ಶಾರ್ಪ್‌ನೆಸ್ ಇಳಿಸಿದೆ, ಅಗಲವನ್ನ 4:3ಕ್ಕೆ ತಂದೆ. ಎರಡು ಪಕ್ಕ ಕಪ್ಪು ಪಟ್ಟಿ ಬಂತು, ಮರಳು ಮತ್ತೆ ಬಂತು, ಮರಳಿನ ಜೊತೆಗೆ ಸುಕ್ಕು, ತುಟಿ, ಹುಬ್ಬು ಎಲ್ಲ ಬಂದವು. ಒಂದೇ ಜಾಗವನ್ನ ಏಳೆಂಟು ಸಲ ಹಿಂದಕ್ಕೆ ಹಾಕಿ ನೋಡಿ, ನಾವು ಇಷ್ಟು ವರ್ಷ ಬಿಟ್ಟು ಹಾಡ್ತಿದ್ದ ಒಂದು ನುಡಿಯಲ್ಲಿ ಎರಡು ಮಾತು ಬಿಡಿಸಿಕೊಂಡೆ. ನಮ್ಮ ಮನೆಯ ಚಿಕ್ಕ ಟಿ.ವಿ.ಯಲ್ಲಿ ಇದು ಆಗಿರಲಿಲ್ಲ, ಅದನ್ನೂ ಹೇಳಬೇಕು. ದೊಡ್ಡ ಪರದೆ ಇಲ್ಲಿ ಉಪಕಾರ ಮಾಡಿತು, ಅದರ ಜಾಣತನವನ್ನ ಆರಿಸಿದ ಮೇಲೆ. ಈಗ ಕೆಲವರು ಹಳೇ ಕ್ಯಾಸೆಟ್ಟನ್ನ ಫೋಟೋ ಅಂಗಡಿಗೆ ಕೊಟ್ಟು "ಹೊಸದು ಮಾಡಿಸಿ" ಮೂಲ ಎಸೀತಾ ಇದ್ದಾರೆ. ಎಸೀಬೇಡಿ ಅಂತ ಕೈಮುಗಿದು ಕೇಳ್ತೀನಿ. ನುಣ್ಣಗೆ ಮಾಡಿದ್ದನ್ನ ಮತ್ತೆ ಸುಕ್ಕು ಮಾಡೋಕೆ ಯಾವ ಟಿ.ವಿ.ಗೂ ಆಗೋದಿಲ್ಲ.

ಹಾಗಾದರೆ ವಾಚನಾಲಯಕ್ಕೆ ಈ ಟಿ.ವಿ. ಬೇಕಾ? ಬೇಡ ಅಂತೀನಿ. ಮಧ್ಯಾಹ್ನ ಬಾಗಿಲು ತೆರೆದು ಕೂತು ನೋಡಿದೆ. ಬೆಳಕಿನಲ್ಲಿ ಆ ಚೆಂದದ ಕಪ್ಪು ಕನ್ನಡಿಯಾಯ್ತು, ನನ್ನ ತಲೆಯ ಟವಲೇ ಕಾಣಿಸಿತು. ವಾಚನಾಲಯದಲ್ಲಿ ಎರಡು ಕಡೆ ಕಿಟಕಿ, ಹಗಲೇ ಜನ ಬರೋದು. ಎರಡನೇದು, ದಿನವಿಡೀ ಒಂದೇ ನ್ಯೂಸ್ ಚಾನೆಲ್ ಹಾಕಿದರೆ ಮೂಲೆಯ ಚಾನೆಲ್ ಗುರುತು ಈ ಜಾತಿಯ ಪರದೆಯಲ್ಲಿ ವರ್ಷಗಟ್ಟಲೆ ಹೋದಂತೆ ಅಚ್ಚೊತ್ತಿ ನಿಲ್ಲೋ ಅಪಾಯ ಇದೆ. ಮೂರನೇದು ದೂರ. 65 ಇಂಚಿನಲ್ಲಿ ಎಂಟೂವರೆ ಅಡಿಗಿಂತ ಹಿಂದೆ ಕೂತರೆ 4ಕೆಗೂ ಅದರ ಕಾಲುಭಾಗ ಚುಕ್ಕಿ ಇರೋ ಫುಲ್ ಎಚ್‌ಡಿಗೂ ವ್ಯತ್ಯಾಸ ಸಾಮಾನ್ಯ ಕಣ್ಣಿಗೆ ಸಿಗೋದಿಲ್ಲ. ನಮ್ಮಲ್ಲಿ ಬೆಂಚು ಇರೋದೇ ಹನ್ನೆರಡು ಅಡಿ ಆಚೆ. ಒಂದೇ ಒಂದು ಅನುಕೂಲ ಉಂಟು: ಪಕ್ಕದಲ್ಲಿ ಗೋಡೆಗೆ ಒರಗಿ ಕೂತವರಿಗೂ ಬಣ್ಣ ಕೆಡೋದಿಲ್ಲ. ಮಾಮೂಲಿ ಎಲ್‌ಇಡಿಯಲ್ಲಿ ಕೆಲವು ಪಕ್ಕದಿಂದ ನೋಡಿದರೆ ಮಾಸುತ್ತವೆ, ಕೆಲವು ಮಾಸೋದಿಲ್ಲ. ಅದನ್ನ ಅಂಗಡಿಯಲ್ಲೇ ಪಕ್ಕಕ್ಕೆ ನಿಂತು ನೋಡಿ ಆರಿಸಬಹುದು.

ಐವತ್ತೋ ಐವತ್ತೈದೋ ಇಂಚಿನ ಒಳ್ಳೆ ಎಲ್‌ಇಡಿ ಒಂದು, ಒಂದು ಸ್ಟೆಬಿಲೈಸರ್, ಕಿಟಕಿಗೆ ದಪ್ಪ ಪರದೆ ಬಟ್ಟೆ ಸಾಕು. ಉಳಿದ ದುಡ್ಡಲ್ಲಿ ಊರಿನ ಮದುವೆ ಕ್ಯಾಸೆಟ್ಟುಗಳನ್ನೆಲ್ಲ, ತೊಳೆಯದೆ ತಿದ್ದದೆ ಇದ್ದಂಗೇ ಇಳಿಸಿ ವಾಚನಾಲಯದಲ್ಲಿ ಇಡಬೇಕು ಅಂತ ಸಭೆಯಲ್ಲಿ ಹೇಳೋನಿದ್ದೀನಿ.

ಅಂಗಡಿಗೆ ಹೋಗುವವರು ಅವರ ವಿಡಿಯೋ ನೋಡಿ ಬರಬೇಡಿ, ನಮ್ಮದನ್ನ ತಗೊಂಡು ಹೋಗಿ. ಒಂದು ಪೆನ್ ಡ್ರೈವಿನಲ್ಲಿ ದ್ರಾಕ್ಷಿ ಚಪ್ಪರ, ತೊಳುವಿನ ದನ, ಒಂದು ರಾತ್ರಿ ದೃಶ್ಯ ಹಾಕಿಟ್ಟಿದ್ದೀನಿ. ಆ ಮನೆಯವರು ಒಪ್ಪಿದ್ದರಿಂದ ಅವ್ವನ ಸೋಬಾನೆಯೂ ಅದರಲ್ಲಿದೆ. ವಾಚನಾಲಯದ ಬೀರುವಿನಲ್ಲಿ ಇದೆ, ರಿಜಿಸ್ಟರಿನಲ್ಲಿ ಸಹಿ ಹಾಕಿ ತಗೊಳ್ಳಿ, ಮೂರು ದಿನದಲ್ಲಿ ವಾಪಸ್ ತಂದುಕೊಡಿ.